ಹೂಂ ಅನ್ನಿ ಸಾಕು ಸಾರ್

ಮಧ್ಯಾಹ್ನ ಮುದ್ದೆ ಉಂಡು, ಪಡಸಾಲೆಯ ಮಂಚದ ಮೇಲೆ ಅಡ್ಡಾಗಿ, ಫ್ಯಾನಿನ ಸದ್ದಿಗೆ ಕಿವಿ ಒಗ್ಗಿ ಇನ್ನೇನು ಜೊಂಪು ಹತ್ತಬೇಕು ಅನ್ನುವ ಗಳಿಗೆಯೊಂದಿದೆಯಲ್ಲ, ಅದನ್ನು ಬ್ಯಾಂಕಿನವರು ಹೇಗೆ ಕಂಡುಹಿಡಿದಿದ್ದಾರೋ ತಿಳಿಯದು. ಪಂಚಾಂಗ ಬರೆಯುವವರು ಬೇಕಾದರೆ ಆ ಹೊತ್ತನ್ನು ರಾಹುಕಾಲದ ಪಕ್ಕದಲ್ಲಿ ಸೇರಿಸಿಕೊಳ್ಳಬಹುದು. ಫೋನು ಸರಿಯಾಗಿ ಆಗಲೇ ಬಡಿದುಕೊಳ್ಳುತ್ತದೆ.

“ಸಾರ್, ಕಂಗ್ರಾಜುಲೇಷನ್ಸ್!” ಅಂದಳು ಹುಡುಗಿ.

ನಾನು ನಿವೃತ್ತ ಗಣಿತದ ಮೇಷ್ಟ್ರು. ಕಂಗ್ರಾಜುಲೇಷನ್ಸ್ ಅನ್ನಿಸಿಕೊಳ್ಳುವಂಥ ಘನಕಾರ್ಯ ಮಾಡಿ ಬಹಳ ಕಾಲವಾಯಿತು. ಮೊಮ್ಮಗು ಏನಾದರೂ ಹುಟ್ಟಿತೇ ಎಂದು ಒಂದು ಕ್ಷಣ ಗಾಬರಿಯಾಯಿತು. ಮಗನಿಗೆ ಇನ್ನೂ ಮದುವೆಯೇ ಆಗಿಲ್ಲವೆಂಬುದು ನೆನಪಾಗಿ ಗಾಬರಿ ಇನ್ನಷ್ಟು ಹೆಚ್ಚಿತು. ಅಷ್ಟರಲ್ಲಿ ಅವಳೇ ಬಿಡಿಸಿ ಹೇಳಿದಳು. ನನ್ನ ಕ್ರೆಡಿಟ್ ಕಾರ್ಡಿನ ಲಿಮಿಟ್ಟು ಎಪ್ಪತ್ತೈದು ಸಾವಿರ ಇದೆಯಂತೆ, ಅದನ್ನು ಎರಡು ಲಕ್ಷಕ್ಕೆ ಏರಿಸಲು ಬ್ಯಾಂಕು ತಾನಾಗಿಯೇ ಮನಸ್ಸು ಮಾಡಿದೆಯಂತೆ. “ಪ್ರೀ-ಅಪ್ರೂವ್ಡ್ ಸಾರ್. ಡಾಕ್ಯುಮೆಂಟ್ಸ್ ಏನೂ ಬೇಡ. ನೀವು ಹೂಂ ಅನ್ನಿ ಸಾಕು.”

“ಯಾಕಮ್ಮ?” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವಳ ಮುಂದಿದ್ದ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲವೆಂದು ಕಾಣುತ್ತದೆ. ದುಡ್ಡು ಕೊಡುತ್ತೇವೆ ಅಂದಾಗ ಯಾಕೆ ಅಂತ ಯಾರು ಕೇಳುತ್ತಾರೆ? ಕೊನೆಗೆ ಸ್ವಂತ ಬುದ್ಧಿಯಿಂದಲೇ, “ಯಾಕೆ ಅಂದ್ರೆ... ನೀವು ತುಂಬಾ ಒಳ್ಳೆ ಕಸ್ಟಮರ್ ಸಾರ್” ಅಂದಳು.

ನಾನು ಎದ್ದು ಕೂತೆ. ಮಲಗಿಕೊಂಡು ಹೊಗಳಿಸಿಕೊಳ್ಳುವುದು ಸರಿಯಲ್ಲವೆನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನನ್ನ ಹೆಂಡತಿ, “ಯಾರ್ರೀ ಅದು?” ಅಂದಳು.

“ಬ್ಯಾಂಕಿನವರು. ನಾನು ಬಹಳ ಒಳ್ಳೆಯವನಂತೆ.”

“ಅವರಿಗೇನು ಗೊತ್ತು?” ಅಂದು ಬೀಜ ಬಿಡಿಸುವುದನ್ನು ಮುಂದುವರಿಸಿದಳು.

ಹಿಂದೆಲ್ಲ ಹೀಗೆ ಕೇಳುವ ಪದ್ಧತಿಯೇ ಇರಲಿಲ್ಲ. ಬ್ಯಾಂಕಿಗೆ ಮನಸ್ಸು ಬಂದರೆ ಲಿಮಿಟ್ಟು ರಾತ್ರೋರಾತ್ರಿ ಏರಿಬಿಡುತ್ತಿತ್ತು. ನಮಗೆ ಒಂದು ಕಾಗದವೋ ಮೆಸೇಜೋ ಬಂದರೆ ಬಂತು. 2022ರಲ್ಲಿ ರಿಸರ್ವ್ ಬ್ಯಾಂಕು ಕಾರ್ಡುಗಳ ಬಗ್ಗೆ ಹೊಸ ನಿರ್ದೇಶನ ಹೊರಡಿಸಿತು. ಗ್ರಾಹಕ ಸ್ಪಷ್ಟವಾಗಿ ಒಪ್ಪದೆ ಕಾರ್ಡು ಕೊಡುವಂತಿಲ್ಲ, ಲಿಮಿಟ್ಟೂ ಏರಿಸುವಂತಿಲ್ಲ. ಕೇಳದವರಿಗೆ ಕಾರ್ಡು ಅಂಟಿಸಿ ಶುಲ್ಕ ಹಾಕಿದರೆ ಹಾಕಿದ್ದನ್ನು ವಾಪಸು ಮಾಡಿ, ಅದರ ಎರಡರಷ್ಟು ದಂಡವನ್ನೂ ಕಟ್ಟಿಕೊಡಬೇಕು. ಹೀಗಾಗಿ ಅಷ್ಟು ದೊಡ್ಡ ಬ್ಯಾಂಕಿಗೆ ಈಗ ನನ್ನ ಬಾಯಿಂದ ಒಂದು ಹೂಂ ಬೇಕಾಗಿದೆ. ನನ್ನ ಮದುವೆಯ ಹೊತ್ತಿನಲ್ಲೂ ನನ್ನ ಹೂಂಗೆ ಇಷ್ಟು ಬೆಲೆ ಇರಲಿಲ್ಲ. ಅಪ್ಪ ಹುಡುಗಿಯ ಮನೆಯಿಂದ ಬಂದು ಕಾಲು ತೊಳೆದುಕೊಳ್ಳುತ್ತಾ, “ವೈಶಾಖದಲ್ಲಿ ಇಟ್ಕೊಂಡಿದೀವಿ” ಅಂದಿದ್ದರು. ಅಷ್ಟೇ.

ಆದರೂ ಹೂಂ ಅನ್ನಲಿಲ್ಲ. ಲಿಮಿಟ್ಟು ಏರಿಸುತ್ತೇವೆಂದು ನಂಬಿಸಿ, ಒಟಿಪಿ ಕೇಳಿ, ಖಾತೆಯನ್ನು ತಳದವರೆಗೂ ಬಳಿಯುವವರ ಸುದ್ದಿಯನ್ನು ಪೇಪರಿನಲ್ಲಿ ಓದದ ದಿನವಿಲ್ಲ. ಅವರೂ ಇಷ್ಟೇ ಸವಿಯಾಗಿ ಮಾತಾಡುತ್ತಾರಂತೆ. “ನಾನೇ ಬ್ರಾಂಚಿಗೆ ಬರ್ತೀನಮ್ಮ” ಅಂದೆ. ಹುಡುಗಿಗೆ ಬೇಸರವಾದದ್ದು ಫೋನಿನಲ್ಲೇ ಗೊತ್ತಾಯಿತು. ಈ ಕಾಲದಲ್ಲಿ ಬ್ರಾಂಚಿಗೆ ಹೋಗುತ್ತೇನೆ ಅನ್ನುವವರನ್ನು ಕಂಡರೆ ಬ್ಯಾಂಕಿನವರಿಗೇ ಆಗುವುದಿಲ್ಲ.

ಈ ಕಾರ್ಡು ನಾನಾಗಿ ಬಯಸಿ ಪಡೆದದ್ದಲ್ಲ. ಚಿತ್ರದುರ್ಗದ ಆಚೆ, ಮದಕರಿಪುರದ ಕಡೆ ಮನೆ ಕಟ್ಟಿಕೊಂಡು ಬಂದಮೇಲೆ ಔಷಧಿ ತರಿಸುವುದಕ್ಕೆ, ರೈಲು ಟಿಕೆಟ್ಟಿಗೆ ಇರಲಿ ಅಂತ ಬೆಂಗಳೂರಿನಲ್ಲಿರುವ ಮಗ ಮಾಡಿಸಿಕೊಟ್ಟದ್ದು. ಕರೆಂಟು ಬಿಲ್ಲು, ಗ್ಯಾಸು, ಮೊಬೈಲಿನ ರೀಚಾರ್ಜು ಇಷ್ಟಕ್ಕೆ ಹೊರಗೆ ಬಂದು, ಕೆಲಸ ಮುಗಿದ ಮೇಲೆ ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು ಗಾಡ್ರೇಜ್ ಬೀರುವಿನ ಒಳಖಾನೆಯಲ್ಲಿ ಇವಳ ಬಳೆಗಳ ಪಕ್ಕ ಮಲಗುತ್ತದೆ. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟಿಬಿಡುತ್ತೇನೆ. ಐವತ್ತು ದಿನದ ತನಕ ಬಡ್ಡಿ ಇಲ್ಲ ಅಂತ ಮಗ ಎಷ್ಟು ಹೇಳಿದರೂ, ಆ ಐವತ್ತು ದಿನ ನಿದ್ದೆ ಇಲ್ಲದೆ ಕಳೆಯುವವನು ನಾನಲ್ಲವೇ?

ಸಂಜೆ ಅಕ್ಕನ ಮಗ ಬಂದಿದ್ದ. ಅವನು ಇಂಥದ್ದರಲ್ಲೆಲ್ಲ ಪಾರಂಗತ. ನನ್ನ ಫೋನು ಇಸಿದುಕೊಂಡು ಏನೇನೋ ಒತ್ತಿ, “ಮಾವ, ನಿಮ್ ಸಿಬಿಲ್ ಸ್ಕೋರು 812!” ಎಂದು ಕೂಗಿದ. ಎಷ್ಟಕ್ಕೆ ಅಂದೆ. 900ಕ್ಕೆ. ಮೊದಲಾಗುವುದು ಎಲ್ಲಿಂದ ಅಂದೆ. 300ರಿಂದ. ಇದು ನನ್ನ ವೃತ್ತಿಧರ್ಮಕ್ಕೇ ಬಡಿದ ಪೆಟ್ಟು. ಮೂವತ್ತೆರಡು ತೆಗೆದ ಹುಡುಗನನ್ನು ಮೂವತ್ತೈದಕ್ಕೆ ಮುಟ್ಟಿಸುವಾಗ ಇರುಳೆಲ್ಲ ಹೊರಳಾಡಿದವನು ನಾನು. ಇಲ್ಲಿ ಉತ್ತರಪತ್ರಿಕೆಗೆ ಮಸಿ ಚೆಲ್ಲಿ ಎದ್ದುಹೋದವನಿಗೂ ಮುನ್ನೂರು ಗ್ರೇಸು! 2000ನೇ ಇಸವಿಯಲ್ಲಿ ಮುಂಬಯಿಯಲ್ಲಿ ಹುಟ್ಟಿಕೊಂಡ, ಸಾಲ ತೀರಿಸುವವರಿಗೆ ಅಂಕ ಹಾಕುವ ಈ ಸಿಬಿಲ್ ಅನ್ನುವ ಪರೀಕ್ಷಾ ಮಂಡಳಿ, ನಾನು ಕುಳಿತೇ ಇಲ್ಲದ ಪರೀಕ್ಷೆಯಲ್ಲಿ ನನ್ನನ್ನು ಡಿಸ್ಟಿಂಕ್ಷನ್ನಿನಲ್ಲಿ ಪಾಸು ಮಾಡಿತ್ತು.

“750 ದಾಟಿದ್ರೆ ಬ್ಯಾಂಕ್‌ನೋರು ತಾವಾಗೇ ಹಿಂದೆ ಬೀಳ್ತಾರೆ ಮಾವ. ಲಿಮಿಟ್ಟು ಜಾಸ್ತಿ ಮಾಡಿಸ್ಕೊಳಿ, ಸ್ಕೋರು ಇನ್ನೂ ಏರುತ್ತೆ. ಆದ್ರೆ ಲಿಮಿಟ್ಟಿನಲ್ಲಿ ನೂರಕ್ಕೆ ಮೂವತ್ತರ ಮೇಲೆ ಬಳಸ್ಬೇಡಿ.”

“ಮತ್ತೆ ಉಳಿದ ಎಪ್ಪತ್ತು ಯಾಕೆ ಕೊಡ್ತಾರೋ?”

“ಬಳಸ್ಲಿ ಅಂತ.”

“ಬಳಸಿದ್ರೆ?”

“ಸ್ಕೋರು ಬೀಳುತ್ತೆ.”

ಅವನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಕಾಫಿ ಕುಡಿದು, ಇನ್ನೊಂದು ಲೋಟ ಹಾಕಿಸಿಕೊಂಡು ಹೋದ. ನಾನು ಮಾತ್ರ ಕತ್ತಲಾಗುವವರೆಗೂ ಜಗಲಿಯ ಮೇಲೆ ಕೂತು, ಇಷ್ಟಕ್ಕೂ ನಮ್ಮ ಅಪ್ಪನ ಸ್ಕೋರು ಎಷ್ಟಿದ್ದಿರಬಹುದು ಎಂದು ಯೋಚಿಸತೊಡಗಿದೆ.

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದದ್ದು ಒಂದೇ ಅಂಗಡಿ, ಶೆಟ್ಟರದು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ “ಇಂದು ನಗದು, ನಾಳೆ ಉದ್ರಿ” ಎಂಬ ಬೋರ್ಡು. ಶೆಟ್ಟರು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದುದರಿಂದ ಅದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ; ಊರೆಲ್ಲ ಉದ್ರಿಯಲ್ಲೇ ನಡೆಯುತ್ತಿತ್ತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ, ದೀಪಾವಳಿಯ ಪಾಡ್ಯದ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಹೊಸದಾಗುತ್ತಿತ್ತು. ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ಬೆಲ್ಲ, ಸೀಮೆಎಣ್ಣೆ, ಕಡ್ಲೆಪುರಿ, ಬೀಡಿ. ಬೀಡಿಯನ್ನು ಅವ್ವನಿಗೆ ತಿಳಿಯದಿರಲೆಂದು “ಇತರೆ” ಎಂದು ಬರೆಯುವಷ್ಟು ಸೌಜನ್ಯ ಶೆಟ್ಟರಿಗಿತ್ತು.

ಅಪ್ಪನ ಲಿಮಿಟ್ಟು ಎಷ್ಟು ಅಂತ ಅಲ್ಲಿ ಯಾವ ಪುಟದಲ್ಲೂ ಬರೆದಿರಲಿಲ್ಲ. ಆದರೆ ಇತ್ತು. ಸಾಮಾನು ತರುವವನು ನಾನು. ಶೆಟ್ಟರು ಪುಸ್ತಕ ತೆಗೆದು, ಬೆರಳಿನಿಂದ ಮೇಲಿನಿಂದ ಕೆಳಗೆ ಇಳಿದು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ನಿಧಾನಕ್ಕೆ ಒರೆಸುತ್ತಾ, “ಶೇಂಗಾ ಬಳ್ಳಿ ಹೆಂಗಿದೆಯೋ ಹುಡುಗ?” ಎಂದು ಕೇಳುತ್ತಿದ್ದರು. ಸಾಮಾನು ಕೊಟ್ಟೇ ಕಳಿಸುತ್ತಿದ್ದರು, ಇಲ್ಲವೆನ್ನುತ್ತಿರಲಿಲ್ಲ. ಮನೆಗೆ ಬಂದರೆ ಅಪ್ಪನ ಮೊದಲ ಪ್ರಶ್ನೆ: “ಶೆಟ್ರು ಏನಾರ ಅಂದ್ರಾ?”

“ಏನೂ ಅನ್ಲಿಲ್ಲ. ಕನ್ನಡಕ ಒರೆಸಿದ್ರು.”

ಅಪ್ಪ ಸುಮ್ಮನಾಗುತ್ತಿದ್ದರು. ಅವ್ವ ಮಾರನೆಯ ದಿನದಿಂದ ಕಾಫಿಗೆ ಬೆಲ್ಲ ಕಡಿಮೆ ಹಾಕುತ್ತಿದ್ದಳು. ಶೇಂಗಾ ಕಿತ್ತು, ಬಡಿದು, ಗಾಡಿ ಚಳ್ಳಕೆರೆಯ ಎಣ್ಣೆ ಮಿಲ್ಲಿನ ದಾರಿ ಹಿಡಿಯುವವರೆಗೆ ಅಂಗಡಿಯ ಕಡೆಗೆ ನನ್ನನ್ನು ಕಳಿಸುವುದು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಆಗುತ್ತಿತ್ತು.

ಲಿಮಿಟ್ಟು ಏರುವುದೂ ಅಷ್ಟೇ ಗುಟ್ಟಾಗಿ ನಡೆಯುತ್ತಿತ್ತು. ಒಂದು ವರ್ಷ ಉತ್ತರೆ ಮಳೆ ಹದವಾಗಿ ಬಿದ್ದು ಬಳ್ಳಿ ಕಪ್ಪಗೆ ಹಬ್ಬಿತ್ತು. ಶಾಲೆಯಿಂದ ಬರುತ್ತಿದ್ದ ನನ್ನನ್ನು ಶೆಟ್ಟರು ಅಂಗಡಿಯೊಳಗಿಂದಲೇ ಕೂಗಿ, ಕೈಗೊಂದು ಚೂರು ಬೆಲ್ಲ ಕೊಟ್ಟು, “ಹಬ್ಬಕ್ಕೆ ಬಟ್ಟೆಗಿಟ್ಟೆ ಬೇಕಿದ್ರೆ ನಿಮ್ಮಪ್ಪಗೆ ಬರೋಕೇಳು, ದುರ್ಗದಿಂದ ತರಿಸ್ಕೊಡ್ತೀನಿ” ಅಂದರು. ಈ ಸುದ್ದಿ ಕೇಳಿ ಅಪ್ಪ ಎರಡು ದಿನ ತಲೆಗೆ ರುಮಾಲು ಬಿಗಿಯಾಗಿ ಸುತ್ತಿಕೊಂಡು ಓಡಾಡಿದರು. ಅಂಗಡಿಯ ಮುಂದೆ ಬೇಕಂತಲೇ ಹಾದುಹೋಗಿ, ಶೆಟ್ಟರೊಡನೆ ಮಳೆ ಬೆಳೆಯ ಮಾತಾಡಿ ಬಂದರು. ಬಟ್ಟೆ ಮಾತ್ರ ತರಲಿಲ್ಲ. ಅವ್ವ ಹಬ್ಬದ ಹಿಂದಿನ ದಿನ ತಡೆಯಲಾರದೆ ಕೇಳಿದಳು. “ಕೊಡ್ತೀನಿ ಅಂದ್ರಲ್ಲ, ಅಷ್ಟಾಯ್ತಲ್ಲ” ಅಂದರು ಅಪ್ಪ. ಆ ದೀಪಾವಳಿಗೆ ನಾವು ಹಳೆಯ ಬಟ್ಟೆಯನ್ನೇ ಒಗೆದು ಹಾಕಿಕೊಂಡೆವು. ಆದರೆ ಉದ್ರಿ ಕೊಡುತ್ತೇನೆಂದು ಕೂಗಿ ಕರೆಸಿಕೊಂಡ ಮನೆಯವರು ಎಂಬ ಹೆಮ್ಮೆ ಅಪ್ಪನಿಗೆ. ಅವ್ವನಿಗೆ ಆ ಹೆಮ್ಮೆಯನ್ನು ಎಲ್ಲಿ ಉಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಭೀಮಸಮುದ್ರದ ಕಡೆ ನಮ್ಮ ಸೋದರಮಾವನ ಅಡಿಕೆ ತೋಟವಿತ್ತು. ಅಲ್ಲಿ ಲಿಮಿಟ್ಟು ಗೊತ್ತುಮಾಡಲು ಮಂಡಿಯ ಸಾಹುಕಾರರೇ ಖುದ್ದಾಗಿ ಬರುತ್ತಿದ್ದರು. ಚೇಣಿಗೆ ಮುಂಗಡ ಕೊಡುವವರು ಕಾಗದಪತ್ರ ನೋಡುವುದಿಲ್ಲ, ಮರದ ತುದಿ ನೋಡುತ್ತಾರೆ. ಅವರು ತಲೆಯೆತ್ತಿಕೊಂಡು ಗೊನೆ ಎಣಿಸುತ್ತಾ ಮುಂದೆ, ಮಾವ ತಲೆ ತಗ್ಗಿಸಿಕೊಂಡು ಹಿಂದೆ, ಅವರ ಹಿಂದೆ ಎಳನೀರು ಹಿಡಿದ ನಾವು. ಒಂದು ಸಲ ಸಾಹುಕಾರರು ಮೇಲೆ ನೋಡುತ್ತಾ ನೋಡುತ್ತಾ ಬಸಿಗಾಲುವೆಗೆ ಇಳಿದುಬಿಟ್ಟರು. ಯಾರೂ ನಗಲಿಲ್ಲ, ನಗು ಬಂದದ್ದು ನನಗೊಬ್ಬನಿಗೇ, ಅದನ್ನೂ ಎಳನೀರು ಕುಡಿದು ನುಂಗಿಕೊಂಡೆ. ಸಾಹುಕಾರರು ಎದ್ದು ಪಂಚೆ ಕೊಡವಿಕೊಂಡು, “ಈ ಸಲ ಗೊನೆ ಸಣ್ಣವು” ಅಂದರು. ಐದುನೂರು ರೂಪಾಯಿ ಕಡಿಮೆಯಾಯಿತು. ಮಾರನೆಯ ವರ್ಷ ಅವರು ಬರುವ ಮೊದಲು ಮಾವ ಕಾಲುವೆಗೆಲ್ಲ ಹಲಗೆ ಹಾಕಿಸಿದ್ದರು.

ಹಳ್ಳಿಯಲ್ಲಿ ಈಗ ಜಮೀನು ನೋಡಿಕೊಳ್ಳುವವನು ನನ್ನ ತಮ್ಮ. ಅವನ ಹತ್ತಿರವೂ ಒಂದು ಕ್ರೆಡಿಟ್ ಕಾರ್ಡಿದೆ ಎನ್ನುವುದು ನನಗೆ ಯಾವಾಗಲೂ ಮರೆತುಹೋಗುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಬಂದದ್ದು 1998ರಲ್ಲಿ. ನನ್ನ ಬಂಗಾರದ ಬಣ್ಣದ ಕಾರ್ಡಿಗಿಂತ ಅದು ಎಷ್ಟೋ ಹಿರಿಯದು. ಅವನು ಅದನ್ನು ಕಾರ್ಡು ಅನ್ನುವುದಿಲ್ಲ, ಕೆಸಿಸಿ ಅನ್ನುತ್ತಾನೆ. ಬ್ಯಾಂಕನ್ನೂ ಅಷ್ಟೇ. ಅವನು ಖಾತೆ ತೆಗೆದಾಗ ಅದು ಚಿತ್ರದುರ್ಗ ಗ್ರಾಮೀಣ ಬ್ಯಾಂಕು. 2005ರಲ್ಲಿ ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಅದೂ ಕಾವೇರಿಯೂ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ ತಿಂಗಳಲ್ಲಿ ವಿಕಾಸವೂ ಬಂದು ಸೇರಿಕೊಂಡು ಇಡೀ ರಾಜ್ಯಕ್ಕೆ ಒಂದೇ ಆಯಿತು. ಬೋರ್ಡು ಬದಲಾದಂತೆಲ್ಲ ಇವನು ಹೊಸ ಪಾಸ್‌ಬುಕ್ಕು ಇಸಿದುಕೊಂಡಿದ್ದಾನೆ. ಕೇಳಿದರೆ ಇವತ್ತಿಗೂ “ದುರ್ಗದ ಬ್ಯಾಂಕಿಗೆ ಹೋಗಿದ್ದೆ” ಅನ್ನುತ್ತಾನೆ.

ಕೆಸಿಸಿಯ ಲಿಮಿಟ್ಟು ಹಾಕುವ ಲೆಕ್ಕವನ್ನು ಒಮ್ಮೆ ಅವನ ಫಾರಂ ತುಂಬಿಸುವಾಗ ನೋಡಿ ಖುಷಿಪಟ್ಟಿದ್ದೇನೆ. ಎಕರೆಗೆ ಇಂಥ ಬೆಳೆಗೆ ಇಷ್ಟು ಎಂದು ಜಿಲ್ಲೆಯವರು ಗೊತ್ತುಮಾಡಿದ ಮೊತ್ತ. ಅದಕ್ಕೆ ಕೊಯ್ಲಿನ ನಂತರದ ಖರ್ಚು ಮತ್ತು ಮನೆಖರ್ಚಿಗೆಂದು ನೂರಕ್ಕೆ ಹತ್ತು. ನೇಗಿಲು ಪಂಪು ಬೇಲಿಗಳ ರಿಪೇರಿಗೆ ನೂರಕ್ಕೆ ಇಪ್ಪತ್ತು. ರೈತನಿಗೂ ಮನೆ ಇರುತ್ತದೆ, ಅಲ್ಲಿ ಖರ್ಚೂ ಇರುತ್ತದೆ ಎಂದು ಯೋಚಿಸಿದ ಆ ಪುಣ್ಯಾತ್ಮರು ಯಾರೋ. ಆಮೇಲೆ ಐದು ವರ್ಷದವರೆಗೆ, ವರ್ಷ ವರ್ಷವೂ ಮೇಲೆ ನೂರಕ್ಕೆ ಹತ್ತು ಏರುತ್ತದೆ. “ಮಳೆ ಬರ್ಲಿ ಬಿಡ್ಲಿ, ಈರುಳ್ಳಿಗೆ ರೇಟು ಸಿಗ್ಲಿ ಬಿಡ್ಲಿ, ಅದು ಮಾತ್ರ ವರ್ಷಕ್ಕೆ ಹತ್ತು ಪರ್ಸೆಂಟು ಬೆಳೀತದೆ ಅಣ್ಣ. ನನ್ ಹೊಲದಾಗೆ ತಪ್ಪದಂಗೆ ಬರೋ ಬೆಳೆ ಅದೊಂದೇಯ” ಅನ್ನುತ್ತಾನೆ.

ಆದರೆ ಏರಿಸಿಕೊಳ್ಳಬೇಕಾದರೆ ಹಳೆಯದನ್ನು ಮೊದಲು ತೀರಿಸಬೇಕಲ್ಲ. ಅದಕ್ಕೆ ಊರಿನಲ್ಲಿ ಒಂದು ವ್ಯವಸ್ಥೆ ಇದೆ. ಒಬ್ಬರ ಹತ್ತಿರ ಎರಡು ದಿನದ ಮಟ್ಟಿಗೆ ಕೈಗಡ ತರುವುದು, ಬ್ಯಾಂಕಿಗೆ ಕಟ್ಟುವುದು, ರಿನೀವಲ್ ಮಾಡಿಸಿ ಹೊಸ ಲಿಮಿಟ್ಟಿನ ಹಣ ಎತ್ತುವುದು, ಅದರಲ್ಲಿ ಕೈಗಡ ತೀರಿಸಿ ಎರಡು ದಿನದ ಬಡ್ಡಿ ಕೊಡುವುದು. ಒಮ್ಮೆ ಕಾವಲಿಗೆಂದು ನನ್ನನ್ನೂ ಕರೆದೊಯ್ದಿದ್ದ. ದುಡ್ಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ತಮ್ಮನ ಮುಖದಲ್ಲಿ ನಾನು ಮತ್ತೆಂದೂ ಕಾಣದ ಒಂದು ಕಳೆ ಇತ್ತು. ಕಟ್ಟಿದೆವು. ಹೊರಗೆ ಹೊಂಗೆ ಮರದ ಕೆಳಗೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದೆವು. “ಈಗ ನೋಡಣ್ಣ, ಈ ಮಂಡಕ್ಕಿ ಮುಗಿಯೋಗಂಟ ನಾನು ಯಾರಿಗೂ ಸಾಲಗಾರ ಅಲ್ಲ” ಅಂದ. ಆಮೇಲೆ ತಾನೇ ನಕ್ಕು, “ಕೈಗಡದೋನಿಗೆ ಬಿಟ್ಟು” ಅಂದ. ಇನ್ನೊಂದು ಪ್ಲೇಟು ಮಂಡಕ್ಕಿ ನಾನೇ ಕೊಡಿಸಿದೆ.

ದುಡ್ಡಿನ ವಿಷಯದಲ್ಲಿ ದುರ್ಗದವರು ಹಿಂದುಳಿದವರೇನಲ್ಲ ಬಿಡಿ. ಬೆಟ್ಟದ ಮೇಲೆ ಟಂಕಸಾಲೆಯೆಂದು ತೋರಿಸುವ ಕಟ್ಟಡವಿದೆ. ನಾನು ಬೆಳಿಗ್ಗೆ ಕಾಲಾಡಿಸಲು ಹೋಗುವ ಚಂದ್ರವಳ್ಳಿಯಲ್ಲಿ ಪುರಾತತ್ವದವರಾದ ಎಂ.ಎಚ್. ಕೃಷ್ಣ ಅವರು 1929ರಲ್ಲೂ ವೀಲರ್ ಅವರು 1947ರಲ್ಲೂ ನೆಲ ಅಗೆಸಿದರು. ಆ ತಾಣದಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ಸಮುದ್ರದಾಚೆಯ ದುಡ್ಡು ಈ ಕಣಿವೆಯವರೆಗೆ ನಡೆದು ಬಂದಿತ್ತು. ನನ್ನ ಕಾರ್ಡು ಇಂಡಿಯಾದೊಳಗೆ ಮಾತ್ರ ನಡೆಯುತ್ತದೆ. ಈ ದೇಶದಲ್ಲಿ ಮೊದಲ ಕ್ರೆಡಿಟ್ ಕಾರ್ಡನ್ನು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತಂದದ್ದೇ 1980ರಲ್ಲಿ. ಆಗಿನ್ನೂ ನಮ್ಮೂರಿನಲ್ಲಿ ಶೆಟ್ಟರ ಕನ್ನಡಕದ ಕಾಲ.

ಲಿಮಿಟ್ಟಿನ ಯೋಚನೆ ತಲೆಗೆ ಹತ್ತಿದಾಗಲೆಲ್ಲ ನನಗೆ ಹಿರಿಯೂರಿನ ಮಾರಿಕಣಿವೆ ನೆನಪಾಗದೆ ಇರುವುದಿಲ್ಲ. ವಾಣಿವಿಲಾಸ ಸಾಗರ ಎಂದು ಪುಸ್ತಕದ ಹೆಸರು. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆಗೆ ತುಂಬು ಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿ. ಶಾಲೆಯಲ್ಲಿ ನಮ್ಮನ್ನು ಪ್ರವಾಸ ಕರೆದೊಯ್ದಾಗ ಮೇಷ್ಟ್ರು ಹೇಳಿದ್ದು ಇದನ್ನೇ. ನಾನು ಮೇಷ್ಟ್ರಾಗಿ ಹುಡುಗರನ್ನು ಕರೆದೊಯ್ದಾಗ ಹೇಳಿದ್ದೂ ಇದನ್ನೇ. “ಸಾರ್, ಯಾವಾಗ ತುಂಬಿತ್ತು?” ಅಂತ ಹುಡುಗರು ಕೇಳುವರು. “1933ರಲ್ಲಿ.” “ಆಮೇಲೆ?” ಆಮೇಲೆ ಇಲ್ಲ. ವೇದಾವತಿ ನದಿಗೆ ಅಷ್ಟು ಶಕ್ತಿ ಇಲ್ಲ. ಕೋಡಿ ಬಿದ್ದದ್ದನ್ನು ನೋಡಿದವರು ಮುದುಕರಾದರು, ಅದರ ಕಥೆ ಹೇಳಿದರು, ತೀರಿಯೂ ಹೋದರು. ಆದರೂ ನಮ್ಮ ಸೀಮೆಯವರಿಗೆ ಅದು 130 ಅಡಿಯ ಕಟ್ಟೆ. ಎಂಬತ್ತು ಅಡಿಯ ನೀರು ನೋಡಿಕೊಂಡು ನೂರಾ ಮೂವತ್ತರ ಮಾತಾಡುತ್ತಾ ನಾವು ದೊಡ್ಡವರಾದೆವು.

ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಭದ್ರೆಯ ನೀರೂ ಬಂದಿತ್ತು, ಮೇಲಿಂದ ಮಳೆಯೂ ಹಿಡಿದಿತ್ತು. ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾವೂ ಹೋದೆವು, ಮೈಲಿಗಟ್ಟಲೆ ನಿಂತ ಕಾರು ಬೈಕುಗಳ ನಡುವೆ ಸಿಕ್ಕಿಕೊಂಡು, ಕೊನೆಗೆ ಕೋಡಿಯ ನೀರು ಕಂಡಾಗ ಪಕ್ಕದಲ್ಲಿದ್ದ ಒಬ್ಬ ಅಜ್ಜ ಚಪ್ಪಲಿ ಬಿಟ್ಟು ಕೈಮುಗಿದ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಆದರೆ ಅತ್ತ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆಯ ನಂಟರೊಬ್ಬರಿಗೆ ನಾನು ಸಡಗರದಿಂದ ಫೋನು ಮಾಡಿದರೆ ಅವರ ದನಿಯೇ ಬೇರೆ. ಅಲ್ಲಿ ತೋಟ ಹೊಲಗಳಿಗೆ ನೀರು ನಿಂತಿತ್ತು. ನೂರಾ ಮೂವತ್ತು ಅಡಿ ಎಲ್ಲಿಗೆ ಬರುತ್ತದೆ ಅಂತ ಅಳತೆಗೋಲಿನಲ್ಲಿ ನಮಗೆ ಗೊತ್ತಿತ್ತು. ಅದು ಅವರ ಅಡಿಕೆ ಸಸಿಯ ಬುಡಕ್ಕೆ ಬರುತ್ತದೆ ಅಂತ ಅವರಿಗೆ ಆವತ್ತು ಗೊತ್ತಾಯಿತು. “ತುಂಬಲ್ಲ ಅಂತ್ಲೇ ತಾತನ ಕಾಲದಿಂದ ಉಳ್ತಾ ಇದ್ವಿ” ಅಂದರು.

ಈ ಮಾತು ಬ್ಯಾಂಕಿಗೆ ಹೊರಟಾಗಲೂ ನನ್ನ ತಲೆಯಲ್ಲಿತ್ತು.

ಬ್ರಾಂಚಿನಲ್ಲಿ ಕಾಯುವ ಕುರ್ಚಿಯಲ್ಲಿ ನನ್ನ ಪಕ್ಕ ಹೂ ಮಾರುವ ಹೆಂಗಸು ಕೂತಿದ್ದಳು. ಬೀದಿ ವ್ಯಾಪಾರಿಗಳಿಗೆ ಕೊಡುವ ಸ್ವನಿಧಿ ಸಾಲಕ್ಕೆ ಬಂದಿದ್ದಳು. ಆ ಯೋಜನೆ 2020ರಲ್ಲಿ ಕೊರೊನಾ ಕಾಲಕ್ಕೆ ಶುರುವಾದದ್ದು. ಆಯಮ್ಮನಿಗೆ ಎಲ್ಲ ಬಾಯಿಪಾಠ. “ಮೊದ್ಲು ಹತ್ತು ಸಾವ್ರ ಕೊಟ್ರು, ತೀರಿಸ್ದೆ. ಆಮೇಲೆ ಇಪ್ಪತ್ತು, ಅದೂ ತೀರಿಸ್ದೆ. ಈಗ ಐವತ್ತಕ್ಕೆ ಬಂದಿವ್ನಿ. ನಿಮ್ಗೆ ಎಷ್ಟು ಸ್ವಾಮಿ?”

“ಎರಡು ಲಕ್ಷ” ಅಂದೆ. ಸ್ವಲ್ಪ ಗತ್ತಿನಲ್ಲೇ ಅಂದೆ.

“ಏನ್ ಯಾಪಾರ?”

“ವ್ಯಾಪಾರ ಏನಿಲ್ಲಮ್ಮ.”

“ಮದ್ವೆಗಿದ್ವೆಯಾ?”

“ಇಲ್ಲ. ಸುಮ್ನೆ.”

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ತನ್ನ ಚೀಲವನ್ನು ಆ ಕಡೆಯ ತೊಡೆಗೆ ದಾಟಿಸಿಕೊಂಡಳು.

ಆಫೀಸರು ಚಿಕ್ಕ ವಯಸ್ಸಿನ ಹುಡುಗಿ. ಹೊರರಾಜ್ಯದವಳು, ಕಲಿತ ಕನ್ನಡವನ್ನು ಜೋಪಾನವಾಗಿ ಆಡುತ್ತಿದ್ದಳು. ಫೋನು ಬಂದದ್ದು ನಿಜವಾದ ಬ್ಯಾಂಕಿನಿಂದಲೇ ಅಂತ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು. ನನಗೆ ಇಷ್ಟೊಂದು ಸಾಲದ ಅಗತ್ಯವೇ ಇಲ್ಲವಲ್ಲಮ್ಮ ಅಂದೆ. “ಅದಕ್ಕೇ ಸರ್ ಕೊಡುವುದು” ಅಂದಳು, ಮುಗುಳ್ನಗುತ್ತಾ. ಹೂವಿನಾಕೆಯ ಐವತ್ತು ಸಾವಿರಕ್ಕೆ ಇನ್ನೂ ಏನೋ ಒಂದು ಕಾಗದ ಬೇಕಿತ್ತಂತೆ, ನಾಳೆ ಬರಲು ಹೇಳಿದರು.

ಬಡ್ಡಿ ಎಷ್ಟು ಅಂತ ಕೇಳಿದೆ. ಪೂರ್ತಿ ಕಟ್ಟುವವರಿಗೆ ಇಲ್ಲ. ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ ಮೂರೂವರೆ. ಚಕ್ರಬಡ್ಡಿಯ ಪಾಠ ಮಾಡಿ ಸವೆದ ತಲೆ ಸುಮ್ಮನಿರಬೇಕಲ್ಲ. ಅಲ್ಲೇ ವೋಚರಿನ ಹಿಂದೆ ಗುಣಿಸಿದೆ. ಒಂದು ಲಕ್ಷ ಮುಟ್ಟಿ ಒಂದು ವರ್ಷ ಕಟ್ಟದೆ ಬಿಟ್ಟರೆ, ತಡಮಾಡಿದ ದಂಡ, ಬಡ್ಡಿಯ ಮೇಲಿನ ಜಿಎಸ್‌ಟಿ ಬಿಟ್ಟೂ ಒಂದೂವರೆ ಲಕ್ಷ ದಾಟುತ್ತದೆ. ನಮ್ಮ ಹಳ್ಳಿಯಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುತ್ತಿದ್ದ ಒಬ್ಬಾತನಿದ್ದ. ಬೆಳಿಗ್ಗೆ ಎದ್ದು ಅವನ ಮುಖ ನೋಡಿದರೆ ಅನ್ನ ಹುಟ್ಟುವುದಿಲ್ಲ ಅನ್ನುತ್ತಿದ್ದರು. ಆತ ಬದುಕಿದ್ದರೆ ಈ ಹುಡುಗಿಯ ಮುಂದೆ ಕೂರಿಸಿ, ನೋಡಪ್ಪ, ನೀನು ಅಷ್ಟೇನೂ ಕೆಟ್ಟವನಲ್ಲ ಅಂತ ಹೇಳಬಹುದಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಕೊನೆಗೆ ಹೂಂ ಅಂದೆ. ಯಾಕೆ ಅಂದರೆ ಹೇಳುವುದು ಕಷ್ಟ. ಅಪ್ಪ ರುಮಾಲು ಬಿಗಿದು ಸುತ್ತಿಕೊಂಡದ್ದಕ್ಕೂ ಕಾರಣ ಇರಲಿಲ್ಲ. ವ್ಯತ್ಯಾಸವೇನೆಂದರೆ ಶೆಟ್ಟರಿಗೆ ನಮ್ಮ ಹೊಲ ಗೊತ್ತಿತ್ತು, ಅಪ್ಪನ ಬೀಡಿಯೂ ಗೊತ್ತಿತ್ತು. ಅಷ್ಟೆಲ್ಲ ಗೊತ್ತಿದ್ದೂ ಅವರು ಕೊಡುತ್ತೇನೆಂದರು. ನನ್ನನ್ನು ಒಳ್ಳೆಯವನೆಂದ ಈ ಬ್ಯಾಂಕಿಗೆ ಗೊತ್ತಿರುವುದು ಕರೆಂಟು ಬಿಲ್ಲು ಹೊತ್ತಿಗೆ ಸರಿಯಾಗಿ ಕಟ್ಟುತ್ತೇನೆಂಬುದು ಒಂದೇ. ಆ ಮಟ್ಟಿಗೆ ಇವಳು ಬೀಜ ಬಿಡಿಸುತ್ತಾ ಹೇಳಿದ್ದು ಸರಿ.

ಮನೆಗೆ ಬಂದು ಸುದ್ದಿ ಹೇಳಿದೆ. ಇವಳು ಕೈ ಒರೆಸಿಕೊಂಡು ಬಂದು, ಅಕ್ಕನ ಮಗನಿಗೆ ತಾನೇ ಫೋನು ಮಾಡಿದಳು. ಅವನು ಆ ಕಡೆಯಿಂದ ಹೇಳುತ್ತಾ ಹೋದ, ಇವಳು ನನ್ನ ಮೊಬೈಲಿನಲ್ಲಿ ಒತ್ತುತ್ತಾ ಹೋದಳು. 2020ರಿಂದ ರಿಸರ್ವ್ ಬ್ಯಾಂಕಿನ ಇನ್ನೊಂದು ನಿಯಮವಿದೆಯಂತೆ: ಬ್ಯಾಂಕು ಎಷ್ಟಾದರೂ ಕೊಡಲಿ, ಅಂಗಡಿಯಲ್ಲಿ ಎಷ್ಟು, ಆನ್‌ಲೈನಿನಲ್ಲಿ ಎಷ್ಟು ಎಂದು ಕಾರ್ಡು ಇಟ್ಟುಕೊಂಡವರೇ ಆ್ಯಪಿನಲ್ಲಿ ಕಡಿಮೆ ಮಾಡಿ ಗೊತ್ತುಮಾಡಿಕೊಳ್ಳಬಹುದು, ಬೇಡದ್ದನ್ನು ಮುಚ್ಚಿಯೂ ಇಡಬಹುದು. ಇವಳು ಐದು ಸಾವಿರಕ್ಕೆ ಗೊತ್ತುಮಾಡಿದಳು. ಪಾಸ್‌ವರ್ಡನ್ನೂ ಬದಲಾಯಿಸಿದಳು. ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಹೀಗೆ ಬ್ಯಾಂಕಿನ ಲೆಕ್ಕದಲ್ಲಿ ನಾನು ಎರಡು ಲಕ್ಷದ ಆಸಾಮಿ, ಮನೆಯ ಲೆಕ್ಕದಲ್ಲಿ ಐದು ಸಾವಿರದವನು. ನನ್ನನ್ನು ಹೆಚ್ಚು ಬಲ್ಲವರ ಲೆಕ್ಕವೇ ಸರಿ ಇರಬಹುದು.

ಇಂಥ ಫೋನು ನಿಮಗೂ ಬಂದೀತು. ಒಟಿಪಿ ಕೇಳಿದರೆ ಮರುಮಾತಾಡದೆ ಇಟ್ಟುಬಿಡಿ. ಬಾಯಿತಪ್ಪಿ ಹೇಳಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಏನೂ ಕೇಳದೆ ನೀವು ಒಳ್ಳೆಯವರು, ತುಂಬಾ ಒಳ್ಳೆಯವರು ಅಂತ ಹೊಗಳುತ್ತಿದ್ದರೆ ಮಾತ್ರ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ. ನಮ್ಮ ವಯಸ್ಸಿನವರನ್ನು ಹೊಗಳಲು ಈಗ ಬೇರೆ ಯಾರೂ ಫೋನು ಮಾಡುವುದಿಲ್ಲ.